ಉಡಿ ತುಂಬಿಸಿಕೊಂಡ ಬೊಂಬೆ

ನಾನು ವೈದ್ಯರು ಅಭ್ಯಾಸ ಮಾಡುವ ಒಂದು ಹೆರಿಗೆ ಬೊಂಬೆ. ನನಗೆ ತಲೆಯಿಲ್ಲ, ಕೈಗಳಿಲ್ಲ. ಇರುವುದು ಎದೆಯ ಕೆಳಗಿನಿಂದ ತೊಡೆಯವರೆಗೆ ಮಾತ್ರ. ತಲೆಯಿಲ್ಲದವಳು ಏನು ಕತೆ ಹೇಳಿಯಾಳು ಎಂದು ನಗಬೇಡಿ. ತಲೆಯಿದ್ದವರು ಹೇಳಿದ ಕತೆಗಳನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ.

ಕರಾವಳಿಯ ಒಂದು ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ, ಹೊಲಿಗೆ ಯಂತ್ರದ ಸೂಜಿಯ ಕೆಳಗೆ ನಾನು ಹುಟ್ಟಿದೆ. ದಪ್ಪ ಬಟ್ಟೆಯ ಮೈ, ರಬ್ಬರಿನ ಗರ್ಭಕೋಶ, ಬೆನ್ನಿಗೆ ಕೆಂಪು ನೀರಿನ ಚೀಲ. ಹೆತ್ತ ಮೇಲೆ ರಕ್ತ ನಿಲ್ಲದ ಬಾಣಂತಿಯಂತೆ ಆ ನೀರನ್ನು ಸುರಿಸುವುದು ನನ್ನ ಕೆಲಸ. ಗರ್ಭಕೋಶವನ್ನು ಸರಿಯಾಗಿ ಒತ್ತಿ ಹಿಡಿದರೆ ಮಾತ್ರ ನಿಲ್ಲಿಸುತ್ತೇನೆ.

ಆ ವರ್ಷ ನಮ್ಮ ವಿಶ್ವವಿದ್ಯಾಲಯ ಕೃಷ್ಣಾ ತೀರದ ಇನ್ನೊಂದು ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿತು. ನಮ್ಮಲ್ಲಿ ಕಲಿಸುವವರಿಗೆ ಬರವಿರಲಿಲ್ಲ. ಅಲ್ಲಿಯ ತಾಲೂಕು ಆಸ್ಪತ್ರೆಗಳಲ್ಲಿ ಒಂಟಿ ವೈದ್ಯರು ದಿಕ್ಕು ತೋಚದೆ ಕುಳಿತಿದ್ದರು. ಅಂಥ ಒಂದು ಆಸ್ಪತ್ರೆಗೆ ನಮ್ಮಲ್ಲಿ ಹೆರಿಗೆ ಕಲಿಸುವ ಡಾಕ್ಟರ್ ಲೋಬೊ ಮೇಡಂ ನನ್ನನ್ನು ರೈಲಿನಲ್ಲಿ ಕರೆತಂದರು.

ಅಲ್ಲಿಯ ಆಯಾ ದ್ಯಾವಮ್ಮ ನನ್ನ ಹೊಟ್ಟೆ ನೋಡಿದ್ದೇ ತಡ, ಬಸುರಿಗೆ ಮಾಡುವಂತೆ ಅರಿಸಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ರವಿಕೆಗೆಂದು ಕುಬಸದ ಬಟ್ಟೆ ಇಟ್ಟು ಉಡಿ ತುಂಬಿಬಿಟ್ಟಳು. ನಿಜ ಹೇಳುತ್ತೇನೆ, ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಆದರೆ ಮೇಡಂ ಊರಿಗೆ ಮರಳಿದ ಮೇಲೆ ಯಾರೂ ನನ್ನನ್ನು ಮುಟ್ಟಲಿಲ್ಲ.

“ಉಡಿ ತುಂಬಿದ ಬಸುರಿ ಹೊಟ್ಟಿ ಹ್ಯಾಂಗ ಒತ್ತತೀರಿ ಸಾಹೇಬ್ರ?” ಎಂದು ದ್ಯಾವಮ್ಮ ಅಡ್ಡ ನಿಂತಳು.

ವೈದ್ಯ ಅಮರೇಗೌಡನಿಗೂ ಅಷ್ಟೇ ಬೇಕಿತ್ತು. ಇಪ್ಪತ್ತೇಳರ ಹುಡುಗ, ಕಷ್ಟದ ಹೆರಿಗೆ ಬಂದರೆ ಜಿಲ್ಲಾಸ್ಪತ್ರೆಗೆ ಚೀಟಿ ಬರೆದು ಕೈತೊಳೆದುಕೊಳ್ಳುವುದು ಅವನ ರೂಢಿ. ನಾನು ಉಡಿಯ ಸಮೇತ ಬೀರು ಸೇರಿದೆ.

ಎರಡು ತಿಂಗಳಾದ ಮೇಲೆ ಶಿವಗಂಗಮ್ಮ ಎಂಬ ಬಾಣಂತಿಗೆ ರಕ್ತ ನಿಲ್ಲಲಿಲ್ಲ. ಅಮರೇಗೌಡ ಚೀಟಿ ಬರೆದ. ತೊಂಬತ್ತು ಕಿಲೋಮೀಟರ್ ದಾರಿ. ಅರ್ಧ ದಾರಿಯಿಂದಲೇ ಆಂಬುಲೆನ್ಸ್ ಅವಳ ಹೆಣ ಹೊತ್ತು ತಿರುಗಿ ಬಂತು.

ಮರುದಿನ ಅಮರೇಗೌಡ ಬೀರು ತೆಗೆದು ನನ್ನ ಮುಂದೆ ಕುಳಿತು ಅತ್ತ. ಆಮೇಲೆ ಅಂಗಿಯ ತೋಳು ಮಡಚಿದ. ಕುಬಸದ ಬಟ್ಟೆಯನ್ನು ದ್ಯಾವಮ್ಮ ತಾನೇ ತೆಗೆದಿಟ್ಟಳು.

ಅಂದಿನಿಂದ ಹೊರರೋಗಿಗಳು ಹೋದ ಮೇಲೆ ದಿನವೂ ಅಭ್ಯಾಸ. ಒಂದು ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ, ನಡುವೆ ಗರ್ಭಕೋಶ. ಲೋಬೊ ಮೇಡಂ ಮೊಬೈಲಿನಲ್ಲಿ ನೋಡುತ್ತ ತಿದ್ದುತ್ತಿದ್ದರು. ಮೊದಲ ದಿನ ನಾಲ್ಕೇ ನಿಮಿಷಕ್ಕೆ ಅವನು ಸೋತು ಕೈ ತೆಗೆದ.

“ತೆಗಿಬೇಡಿ ಮಾರಾಯ್ರೆ,” ಅಂದರು ಮೇಡಂ. “ನಿಮ್ಗೆ ಕೈನೋವು ಮಾತ್ರ. ಅವಳಿಗೆ ಜೀವ ಹೋಗ್ತದೆ.”

ನಾನೂ ಬಿಡುವವಳಲ್ಲ. ಒತ್ತುವುದು ತಪ್ಪಿದರೆ ನೆಲವೆಲ್ಲ ಕೆಂಪು ಮಾಡುತ್ತಿದ್ದೆ. ದ್ಯಾವಮ್ಮ ನಮ್ಮಿಬ್ಬರನ್ನೂ ಬೈಯುತ್ತ ಒರೆಸುವಳು. ನನ್ನ ಹೊಲಿಗೆ ಬಿಚ್ಚಿದರೆ ಸೂಜಿ ದಾರ ತಂದು ಕೂರುವಳು.

ಒಂದು ಮಧ್ಯಾಹ್ನ ಹುಲಿಗೆಮ್ಮ ಎಂಬವಳು ಹೆತ್ತಳು. ಅವಳಿಗೂ ರಕ್ತ ನಿಲ್ಲಲಿಲ್ಲ. ಪರದೆಯ ಈಚೆ ಮೇಜಿನ ಮೇಲೆ ನಾನಿದ್ದೆ. ಹೊರಗೆ ಆಂಬುಲೆನ್ಸ್ ಚಾಲೂ ಆಗಿತ್ತು. ಬೇಗ ಚೀಟಿ ಬರೆದುಕೊಡಿ ಎಂದು ಅವಳ ಅಣ್ಣ ಅಂಗಲಾಚುತ್ತಿದ್ದ.

“ಗಾಡಿ ಬ್ಯಾಡ್ರಿ,” ಅಂದ ಅಮರೇಗೌಡ. “ರಕ್ತ ಇಲ್ಲೇ ನಿಂದ್ರಸ್ತೀನಿ.”

ನರ್ಸ್ ಇಂಜೆಕ್ಷನ್ ಕೊಟ್ಟಳು, ಅವನು ಗರ್ಭಕೋಶ ಒತ್ತಿ ಹಿಡಿದ. ಐದು ನಿಮಿಷವಾಯಿತು, ಹತ್ತಾಯಿತು. ಅವನ ಏದುಸಿರು ನನಗೆ ಕೇಳುತ್ತಿತ್ತು. ಕೈ ತೆಗೆಯಬೇಡವೋ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಇಪ್ಪತ್ತನೆಯ ನಿಮಿಷಕ್ಕೆ “ಗರ್ಭಕೋಶ ಗಟ್ಟಿ ಆತು” ಎಂಬ ಅವನ ಸಣ್ಣ ದನಿ ಬಂತು. ಸ್ವಲ್ಪ ಹೊತ್ತಿಗೆ ಹುಲಿಗೆಮ್ಮ ನೀರು ಕೇಳಿದಳು.

ವರ್ಷಗಳು ಕಳೆದಿವೆ. ಈಗ ಎರಡೂ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು ಈ ಆಸ್ಪತ್ರೆಗೇ ಕಲಿಯಲು ಬರುತ್ತಾರೆ. ಲೋಬೊ ಮೇಡಂ ಅವರನ್ನು ಸಾಲಾಗಿ ನಿಲ್ಲಿಸಿ, ಇದೊಂದನ್ನು ಅಮರೇಗೌಡರ ಹತ್ತಿರ ಕಲಿಯಿರಿ ಎಂದು ತಾವು ಹಿಂದೆ ಸರಿಯುತ್ತಾರೆ.

ನನ್ನ ರಬ್ಬರು ಬಿರುಕುಬಿಟ್ಟಿದೆ. ಹೊಸ ಬೊಂಬೆ ಬಂದ ಮೇಲೆ ನನಗೆ ಕಿಟಕಿಯ ಪಕ್ಕದ ಮೂಲೆ. ಆದರೂ ಕೈ ನಡುಗುವವರನ್ನು ಮೊದಲು ನನ್ನ ಬಳಿಗೇ ಕಳಿಸುತ್ತಾರೆ. ನಾನು ಸಾವಿರಾರು ಸಲ ರಕ್ತ ಸುರಿಸಿದ್ದೇನೆ, ನನಗೇನೂ ಆಗಿಲ್ಲ. ಶಿವಗಂಗಮ್ಮ ಸುರಿಸಿದ್ದು ಒಂದೇ ಸಲ. ಬನ್ನಿ ಮಕ್ಕಳೇ, ತಪ್ಪುವುದಿದ್ದರೆ ನನ್ನ ಮೇಲೆ ತಪ್ಪಿ.