ಪಿಳ್ಳಮ್ಮನ ಹರಳೆಣ್ಣೆ

ಕರುಳಿನ ಆಪರೇಷನ್ ಮಾಡಿದ ಡಾಕ್ಟರು ನನ್ನ ಹೊಟ್ಟೆಯ ಬಲಗಡೆ ಒಂದು ಬಾಯಿ ಬಿಡಿಸಿ, ಮಲ ತುಂಬಲು ಅದರ ಮೇಲೊಂದು ಚೀಲ ಅಂಟಿಸಿ ಕಳಿಸಿದರು. ಮಗಳನ್ನು ಬಿಟ್ಟರೆ ಇದು ಗೊತ್ತಿದ್ದದ್ದು ಪಿಳ್ಳಮ್ಮನಿಗೆ ಮಾತ್ರ. ಬೆಂಗಳೂರಿನ ಈ ಬ್ರೂಕ್‌ಫೀಲ್ಡ್ ಇನ್ನೂ ರಾಗಿ ಹೊಲವಾಗಿದ್ದಾಗಿನಿಂದ ನಾವಿಬ್ಬರು ಜೋಡಿ. ಮದುವೆ ಮನೆಯಲ್ಲಿ ಅವಳು ಸೋಬಾನೆ ಎತ್ತಿಕೊಟ್ಟರೆ ನಾನು ಹಿಂದೆ ಹೇಳುತ್ತಿದ್ದೆ. ಇಬ್ಬರಿಗೂ ಗಂಡಂದಿರಿಲ್ಲ, ಆರತಿಗೆ ಯಾರೂ ಕರೆಯುವುದಿಲ್ಲ. ಆದರೆ ನಮ್ಮ ಹಾಡಿಲ್ಲದೆ ಏಳು ಊರಲ್ಲಿ ಒಂದು ಚಪ್ಪರವೂ ನಿಲ್ಲುತ್ತಿರಲಿಲ್ಲ.

ಪಿಳ್ಳಮ್ಮ ನಾಲ್ಕನೇ ಸಾಲು ಯಾವಾಗಲೂ ಮರೆಯುತ್ತಾಳೆ. ನಾನು ಅವಳ ಮೊಣಕಾಲು ತಟ್ಟಿ ಸಾಲು ಕೊಡಬೇಕು.

ಆ ಚೀಲ ದಿನಕ್ಕೆ ಮೂರು ಸಲ ಸೋರುತ್ತಿತ್ತು. ಸುತ್ತಲಿನ ಚರ್ಮಕ್ಕೆ ಗುಂಟೂರು ಮೆಣಸಿನಕಾಯಿ ಮೂಟೆಯನ್ನೇ ಅರೆದು ಮೆತ್ತಿದ ಹಾಗಿತ್ತು. ಪಿಳ್ಳಮ್ಮ ಹರಳೆಣ್ಣೆ ತಂದು ತಾನೇ ಸವರಿದಳು.

"ಯಾರ್ಗೂ ಏಳಲ್ಲ ಕಣೆ ವಸಂತಿ. ನನ್ ಮಕ್ಳಾಣೆ."

ರಾಮಾಂಜಿನಪ್ಪನ ಮಗಳು ಕೃಪಾಳ ಮದುವೆಗೆ ಎಂಟು ದಿನ ಉಳಿದಿತ್ತು. ಹೀಗೆ ಸೋರಿಕೊಂಡು ಹಾಡಲು ಕೂರುವುದು ಹೇಗೆ? ನನ್ನ ಮಗಳು ನಾಚಿಕೆ ಬಿಟ್ಟು, ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಮಾಲಾಳನ್ನು ಕರೆತಂದಳು.

"ಅಜ್ಜಿ, ಇಲ್ಲಿಗೇನ್ ಹಚ್ಚಿದೀರಾ?"

"ಅರಳೆಣ್ಣೆ. ನಮ್ಮೂರಾಗೆ ಸತ್ತೋರೂ ಎದ್ದು ಕೂತ್ಕೊತಾರೆ."

"ನಿಮ್ ಚೀಲಾನೂ ಅದಕ್ಕೇ ಎದ್ದೆದ್ದು ಬರ್ತಿದೆ. ಜಿಡ್ಡಿದ್ರೆ ಅಂಟಲ್ಲ ಅಜ್ಜಿ. ಚೀಲದ ತೂತೂ ದೊಡ್ಡದಾಯ್ತು. ಈ ಬಾಯಿ ಊತ ಇಳ್ದು ಚಿಕ್ಕದಾಗಿದೆ, ನೀವು ಹಳೇ ಅಳತೇಲೇ ಕತ್ತರಿಸ್ತಿದೀರಾ. ಮಧ್ಯದ ಚರ್ಮ ಸುಡ್ತಿರೋದು ಅದಕ್ಕೇ."

ಅವಳು ಹೊಸದಾಗಿ ಅಳೆದು ಕತ್ತರಿಸಿದಳು. ಬರೀ ನೀರಲ್ಲಿ ತೊಳೆದು, ಬಟ್ಟೆ ಒತ್ತಿ ಒಣಗಿಸಿ, ಹುಣ್ಣಿಗೆ ಪುಡಿ ಉದುರಿಸಿ ಕೊಡವಿ, ಚೀಲ ಅಂಟಿಸಿ ಅಂಗೈ ಬಿಸಿ ತಾಗುವಂತೆ ಹಿಡಿದುಕೊಂಡಳು. ಮೂರರಲ್ಲೊಂದು ಪಾಲು ತುಂಬಿದಾಗಲೇ ಖಾಲಿ ಮಾಡಬೇಕು ಎಂದಳು. ಆಮೇಲೆ ಒಂದು ತೊಟ್ಟೂ ಸೋರಲಿಲ್ಲ. ಚರ್ಮ ಒಣಗುತ್ತ ಬಂತು.

ಚಪ್ಪರದ ದಿನ ಹಸಿರು ಸೀರೆ ಉಟ್ಟು ಹೋದೆ. ಹಸೆಯ ಪಕ್ಕ ನನ್ನ ಜಾಗದಲ್ಲಿ ಪಿಳ್ಳಮ್ಮನ ಸೊಸೆ ಮೊಬೈಲ್ ಹಿಡಿದು ಕೂತಿದ್ದಳು. ರಾಮಾಂಜಿನಪ್ಪನ ಹೆಂಡತಿ ಬಾಗಿಲ ಹತ್ತಿರ ನನಗೊಂದು ಪ್ಲಾಸ್ಟಿಕ್ ಕುರ್ಚಿ ಎಳೆದಳು.

"ಇಲ್ಲೇ ಕೂತ್ಕೊ ಅತ್ತೆ, ಗಾಳಿ ಬತ್ತದೆ. ಪಿಳ್ಳತ್ತೆ ಎಲ್ಲಾ ಏಳವ್ರೆ. ಎಣ್ಣು ಕೂತಿರೋ ಜಾಗ ನೋಡು, ಅಲ್ಲಿ ಏನಾರಾ ಎಚ್ಚುಕಮ್ಮಿ ಆದ್ರೆ..." ಅವಳ ಕಣ್ಣು ನನ್ನ ಹೊಟ್ಟೆಯ ಮೇಲಿತ್ತು.

"ಈಗ ಸೋರಲ್ಲ ಕಣಮ್ಮ," ಅಂದೆ. ಅವಳು ಆಗಲೇ ಒಳಗೆ ಹೋಗಿದ್ದಳು.

ನಾನು ಪಿಳ್ಳಮ್ಮನನ್ನು ನೋಡಿದೆ. ಅವಳು ಸೊಸೆಯ ಮೊಬೈಲ್ ನೋಡಿದಳು. ಓದು ಬಾರದವಳು ಅದರಲ್ಲಿ ಏನು ನೋಡುತ್ತಿದ್ದಳೋ.

ಎರಡು ಹಾಡು ಮುಗಿದವು. ಮೂರನೆಯದು ನಮ್ಮೂರಿನ ಹಾಡು, ಮೊಬೈಲಿನಲ್ಲಿ ಇರಲಿಲ್ಲ. ಮೂರು ಸಾಲಾದ ಮೇಲೆ ಪಿಳ್ಳಮ್ಮನ ದನಿ ನಿಂತಿತು. ಸೊಸೆ ಸುಮ್ಮನೆ ಬೆರಳು ಆಡಿಸಿದಳು. ಚಪ್ಪರವೆಲ್ಲ ಕಾಯುತ್ತಿತ್ತು. ಪಿಳ್ಳಮ್ಮ ತನ್ನ ಮೊಣಕಾಲನ್ನು ತಾನೇ ತಟ್ಟಿಕೊಂಡು, ಅಷ್ಟು ತಲೆಗಳ ನಡುವೆ ನನ್ನನ್ನು ಹುಡುಕಿದಳು.

ಸೆರಗಿನೊಳಗೆ ಕೈಯಿಟ್ಟು ನೋಡಿದೆ. ಚೀಲ ಒಂಚೂರೂ ಸೋರದೆ, ಗಟ್ಟಿಯಾಗಿ ಕೂತಿತ್ತು. ಸಾಲು ನಾಲಿಗೆಯ ತುದಿಯಲ್ಲೇ ಇತ್ತು.

ವೀಳ್ಯದೆಲೆ ಮಡಚಿ ಬಾಯಿಗೆ ಹಾಕಿಕೊಂಡು ಜಗಿಯತೊಡಗಿದೆ.