ಆಯಿತು ಎಂಬ ಗುಂಡಿ

ಹಂಪಮ್ಮ ಟೀಚರಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಸಿಟ್ಟು ಬಂದಾಗ ಎದ್ದು ನಿಲ್ಲುವುದು ಅವಳ ಅಭ್ಯಾಸ. ಆಗ ತಲೆ ಚೌಕಟ್ಟಿನಾಚೆ ಹೋಗಿ, ಸೀರೆಯ ನೆರಿಗೆ ಮಾತ್ರ ಗಣಿತ ಹೇಳುತ್ತಿತ್ತು.

ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಶ್ವರನ ಟ್ಯುಟೋರಿಯಲ್. ಹತ್ತನೇ ತರಗತಿಯ ಗಣಿತದಲ್ಲಿ ಮಣ್ಣು ಮುಕ್ಕಿದ ದೊಡ್ಡವರನ್ನು ಪಾಸು ಮಾಡಿಸುವುದು ಅದರ ಕಸುಬು. ಕೆಲಸ ಬಿಟ್ಟು ಊರಿಗೆ ಬರಲಾಗದವರಿಗಾಗಿ ಅವನು ಈ ವರ್ಷ ಬೆಂಗಳೂರಿನವರಿಂದ ಒಂದು ಪೋರ್ಟಲ್ ಮಾಡಿಸಿದ್ದ. ಹಂಪಮ್ಮನ ಪಾಠದ ವಿಡಿಯೋ, ಲೆಕ್ಕ, ಪರೀಕ್ಷೆ ಎಲ್ಲವೂ ಮೊಬೈಲಿನಲ್ಲೇ. ಪ್ರತಿ ಪಾಠದ ಕೆಳಗೆ 'ಆಯಿತು' ಎಂಬ ಗುಂಡಿ. ಪಾಠ ನೋಡಿ ಮುಗಿಸಿದವರು ಅದನ್ನು ಒತ್ತಬೇಕು. ಒತ್ತಿದರೆ ಈಶ್ವರನ ಕಂಪ್ಯೂಟರಿನಲ್ಲಿ ಅವರ ಹೆಸರು ಹಸಿರಾಗುತ್ತದೆ.

ಕೆಲವೇ ವಾರಗಳಲ್ಲಿ ಪರದೆಯೆಲ್ಲ ಹಸಿರಾಯಿತು. ಕಂಪ್ಲಿಯ ಗದ್ದೆಗಳೂ ಅಷ್ಟು ಹಸಿರಿರಲಿಲ್ಲ.

"ಟೀಚರ್ರ, ಎಲ್ರೂ ಎಲ್ಲಾ ಪಾಠ ಮುಗಿಸ್ಯಾರ ನೋಡ್ರಿ," ಎಂದು ಈಶ್ವರ ಹಲ್ಲು ಕಿಸಿದ. "ನಿಮ್ಮ ವಿಡಿಯೋ ಅಷ್ಟು ಮಸ್ತ್ ಅದಾವು. ಮುಂದಿನ ತಿಂಗಳಿಂದ ನೀವು ಬರೋದು ಬ್ಯಾಡ. ವಿಡಿಯೋನ ಸಾಕು."

"ಅಂದ್ರ, ಹೊಗಳಿ ಹೊರಗ ಹಾಕಾಕತ್ತೀಯೇನಲೇ?"

ಈಶ್ವರ ಅಕ್ಕಿ ಗಿರಣಿಯ ಮನೆತನದವನು. ಭತ್ತ ಯಂತ್ರಕ್ಕೆ ಸುರಿದ ಮೇಲೆ ಸುರಿದವನ ಹಂಗೇಕೆ ಎಂಬುದು ಅವನ ಲೆಕ್ಕ. ಶಾಲೆಯಲ್ಲಿ ಹಂಪಮ್ಮನ ಕೈಯಲ್ಲಿ ಕಿವಿ ಹಿಂಡಿಸಿಕೊಂಡದ್ದನ್ನೂ ಅವನು ಮರೆತಿರಲಿಲ್ಲ.

ಹಂಪಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಅನ್ನಕ್ಕೂ ಈ ತರಗತಿಯೇ, ಮನಸಾರೆ ಬೈಯಲಿಕ್ಕೂ ಈ ತರಗತಿಯೇ. ಆದರೆ ಹೆದರಿಕೆಗಿಂತ ಮೊದಲು ಅನುಮಾನ ಬಂತು. ಎದುರು ಕೂರಿಸಿಕೊಂಡು ಗಂಟಲು ಹರಿದುಕೊಂಡರೂ ತಲೆಗೆ ಹೋಗದ ಬೀಜಗಣಿತ ಮೊಬೈಲಿನಲ್ಲಿ ಹೇಗೆ ಹೋಯಿತು? ಅಲ್ಲೇ, ಈಶ್ವರನ ಮುಂದೆಯೇ ಎಲ್ಲರನ್ನೂ ಲೈವ್ ತರಗತಿಗೆ ಕರೆದಳು.

ಮೊದಲು ಸಿಕ್ಕವನು ಕಂಪ್ಲಿಯ ಗಿರಣಿಯಲ್ಲಿ ಫಿಟ್ಟರ್ ಆಗಿರುವ ಹೊನ್ನೂರುಸ್ವಾಮಿ.

"ಸಮೀಕರಣದ ಪಾಠ ನೋಡಿಯೇನಪಾ?"

"ಆತ್ರಿ."

"ಏನಾತು?"

"ಅದ ರೀ… ಆತ್ರಿ."

ಹಂಪಮ್ಮ ಎದ್ದು ನಿಂತಳು. ನೆರಿಗೆ ಕಂಡದ್ದೇ, ಹಂಪಿ ಬಜಾರಿನಲ್ಲಿ ಟೊಪ್ಪಿಗೆ ಮಾರುವ ಅನ್ನಪೂರ್ಣ ನಡುವೆ ಬಾಯಿ ಹಾಕಿದಳು.

"ಬೈಬ್ಯಾಡ್ರಿ ಟೀಚರ್ರ. ಪಾಠ ಹಾಕೀನಿ ಅಂತ ನೀವು ಮೆಸೇಜ್ ಕಳಸ್ತೀರಿ. ದೊಡ್ಡೋರು ಒಂದು ಮಾತು ಹೇಳಿದ್ರ ಆತ್ರಿ ಅನಬೇಕಲ್ರಿ? ಸುಮ್ಕಿದ್ರ ಸೊಕ್ಕು ಅಂತೀರಿ. ಅದಕ್ಕ ಜಲ್ದಿ ಒತ್ತಿಬಿಡ್ತೀವಿ."

"ಪಾಠ ನೋಡದನ?"

"ಗಿರಾಕಿ ಇಲ್ಲದಾಗ ನೋಡಿದ್ರಾತು. ಮೊದಲು ಮರ್ಯಾದಿ."

ಹಂಪಮ್ಮ ಹಣೆ ಚಚ್ಚಿಕೊಂಡಳು. ಈ ಸೀಮೆಯಲ್ಲಿ ಆತ್ರಿ ಎಂದರೆ ಮುಗಿಯಿತು ಎಂದಲ್ಲ, ನಿಮ್ಮ ಮಾತು ಕಿವಿಗೆ ಬಿತ್ತು ಎಂದು. ನಾಳೆ ಬಂದು ನಲ್ಲಿ ರಿಪೇರಿ ಮಾಡು ಎಂದರೂ ಆತ್ರಿ ಅನ್ನುತ್ತಾರೆ. ಹಾಗಂತ ಯಾರೂ ಬಾಗಿಲು ತೆಗೆದಿಟ್ಟು ಕಾಯುವುದಿಲ್ಲ. ಬೆಂಗಳೂರಿನವರಿಗೆ ಇದೇನು ಗೊತ್ತು?

"ನಾನು ನೋಡೀನ್ರಿ," ಎಂದಳು ಉಚ್ಚೆಂಗಮ್ಮ. ದೋಣಿಮಲೈ ಗುಡ್ಡದ ಗಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. "ಆದ್ರ ವಿಡಿಯೋ ಭಾಳ ಉದ್ದ ರೀ. ಬಸ್ಸು ಗುಡ್ಡ ಏರೋದ್ರಾಗ ನೆಟ್ ಹೋಗ್ತೈತಿ. ನೀವು ಬಾಯಿ ತೆಕ್ಕೊಂಡು ಹಂಗ ನಿಂತಿರ್ತೀರಿ. ನಮ್ಮ ಬಸ್ಸಿನ್ಯಾಗ ಎಲ್ರೂ ನೋಡ್ಯಾರ."

ಎಲ್ಲರೂ ನಕ್ಕರು. ಈಶ್ವರನೂ ನಕ್ಕ. ಅವನು ನಗಬಾರದಿತ್ತು.

"ನಗ್ತೀಯೇನಲೇ? ಆ ಗುಂಡಿ ಕಿತ್ತು ಒಗಿ. ಒಂದು ವಿಡಿಯೋಕ್ಕ ಒಂದ ವಿಷಯ, ಬಸ್ಸು ಗುಡ್ಡ ಹತ್ತೋದ್ರೊಳಗ ಮುಗೀಬೇಕು. ಕೆಳಗ ಒಂದು ಲೆಕ್ಕ. ಅದರ ಕೆಳಗ 'ತಿಳೀಲಿಲ್ಲ' ಅಂತ ಗುಂಡಿ ಹಾಕು."

"ಹಸಿರೆಲ್ಲ ಹೋಗ್ತೈತಲ್ರಿ!"

"ಇವ್ರು ಮತ್ತ ಫೇಲಾದ್ರ ಆ ಹಸಿರನ್ನ ಎಮ್ಮಿಗೆ ಹಾಕ್ತೀಯೇನು?"

ಈಶ್ವರ ಗೊಣಗುತ್ತ ಒಪ್ಪಿದ. "ಒಂದು ವಾರ ನೋಡೂಣು. ಯಾರೂ ಏನೂ ಕೇಳ್ಲಿಲ್ಲಂದ್ರ ನೀವು ಬ್ಯಾಡ ಅಂತ ಅರ್ಥ."

ವಾರ ಮುಗಿಯುತ್ತ ಬಂತು. 'ತಿಳೀಲಿಲ್ಲ' ಗುಂಡಿಯನ್ನು ಒಬ್ಬರೂ ಮುಟ್ಟಲಿಲ್ಲ. ಲೆಕ್ಕ ಮಾತ್ರ ಎಲ್ಲರದೂ ತಪ್ಪು. ಹಂಪಮ್ಮ ಅನ್ನಪೂರ್ಣೆಗೆ ಫೋನು ಹಚ್ಚಿ, "ಯಾಕ ಒತ್ತಿಲ್ಲಲೇ?" ಎಂದು ಗದರಿದಳು.

"ಹಿಂಗ ಬೈತೀರಲ್ರಿ, ಅದಕ್ಕ," ಎಂದಳು ಅನ್ನಪೂರ್ಣ. "ಟೀಚರಿಗೆ ತಿಳೀಲಿಲ್ಲ ಅಂದ್ರ, ನಿಮಗ ಹೇಳಾಕ ಬರಲ್ಲ ಅಂದಂಗಾಗ್ತೈತಿ. ಯಾರಿಗೈತ್ರಿ ಅಷ್ಟು ಧೈರ್ಯ?"

ಹಂಪಮ್ಮ ಫೋನು ಇಟ್ಟಳು. ಈಶ್ವರನನ್ನು ಬೈದು ನೋಡಿದಳು, ಪೋರ್ಟಲನ್ನು ಬೈದು ನೋಡಿದಳು. ಹೊಟ್ಟೆ ತಣ್ಣಗಾಗಲಿಲ್ಲ. ಆಮೇಲೆ ಕ್ಯಾಮೆರಾದ ಮುಂದೆ ಕೂತಳು. ಏಳಬಾರದೆಂದು ಸೆರಗಿನ ತುದಿಯನ್ನು ಕುರ್ಚಿಗೆ ಗಂಟು ಹಾಕಿದ್ದಳು.

"ಕೇಳ್ರಿ ಎಲ್ರೂ. ನಿಮ್ಮ ಲೆಕ್ಕ ನೋಡೀನಿ. ಒಂದೂ ಸರಿ ಇಲ್ಲ. ಅಂದ್ರ ನನಗ ಹೇಳಾಕ ಬಂದಿಲ್ಲ. ಇದನ್ನ ನಾನ ಹೇಳಾಕತ್ತೀನಿ, ನೀವೇನೂ ಹೇಳಿದಂಗಾಗಲಿಲ್ಲ. ಈಗ ಎಲ್ಲಿ ತಿಳೀಲಿಲ್ಲ ಅಂತ ಬಾಯಿಬಿಟ್ಟು ದನಿ ಕಳಸ್ರಿ. ಕಳಿಸಿದೋರಿಗೆ ಬೈಯಂಗಿಲ್ಲ. ಕಳಿಸದೋರ ಹೆಸರು ಹಿಡಿದು ಬೈತೀನಿ."

ಮರುದಿನ ಬೆಳಿಗ್ಗೆ ಈಶ್ವರ ಕಂಪ್ಯೂಟರ್ ತೆಗೆದರೆ ದನಿಗಳ ಸಂತೆ. ಮೊದಲನೆಯದು ಉಚ್ಚೆಂಗಮ್ಮನದು, ಹಿಂದೆ ಬಸ್ಸಿನ ಗದ್ದಲ.

"ಟೀಚರ್ರ, ಸಮ ಚಿಹ್ನೆ ದಾಟಿದ ಕೂಡ್ಲೆ ಪ್ಲಸ್ಸು ಮೈನಸ್ ಆಗ್ತೈತಿ ಅಂದ್ರಿ. ಯಾಕ್ರಿ? ರಾತ್ರೋರಾತ್ರಿ ಪಾರ್ಟಿ ಬದಲಿಸಿದಂಗೇನ್ರಿ?"

ಬಸ್ಸಿನಲ್ಲಿ ಯಾರೋ ಕೇಕೆ ಹಾಕಿದರು.

ಅಲ್ಲೇ ಇದ್ದ ಹಂಪಮ್ಮ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿದಳು. ಇಷ್ಟು ವರ್ಷ 'ಆಗ್ತೈತಿ' ಎಂದು ಹೇಳಿದ್ದಳೇ ಹೊರತು ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಈಶ್ವರ ಅವಳ ಹಳೆಯ ವಿಡಿಯೋಗಳನ್ನೆಲ್ಲ ಹಿಂದೆ ಮುಂದೆ ಓಡಿಸಿ ಹುಡುಕಿದ.

"ಇದರಾಗ ಎಲ್ಲೂ ಇಲ್ಲಲ್ರಿ. ಆಕಿಗೆ ಏನಂತ ಹೇಳೂಣು?"

"ನನಗ್ಯಾಕ ಕೇಳ್ತಿ? ಬ್ಯಾಡಾದಾಕಿ ನಾನು. ವಿಡಿಯೋನ ಕೇಳು."

ಈಶ್ವರ ಪರದೆಯನ್ನು ನೋಡಿದ. ಸಾಲಾಗಿ ದನಿಗಳು ಇನ್ನೂ ಬಂದು ಬೀಳುತ್ತಲೇ ಇದ್ದವು. ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ದನಿ ಸಣ್ಣ ಮಾಡಿದ.

"ಇರ್ರಿ ಟೀಚರ್ರ, ಎಲ್ಲೂ ಹೋಗಬ್ಯಾಡ್ರಿ. ಖರೇ ಹೇಳ್ರಿ, ಅದು ಯಾಕ ಮೈನಸ್ ಆಗ್ತೈತಿ?"

"ಮೊದಲು ಹೋಗಿ ಒಂದು ತಕ್ಕಡಿ ತಗೊಂಡು ಬಾ," ಎಂದಳು ಹಂಪಮ್ಮ.