ನಡಿ ಎಂದರೆ ಒಳಗೆ

ನಾನು ಒಂದು ನಾಯಿ. ಕಣ್ಣಿಲ್ಲದವರಿಗೆ ದಾರಿ ತೋರುವ ನಾಯಿ. ಏಳು ಮರಿಗಳಲ್ಲಿ ಕೊನೆಯವನಾಗಿ ಹುಟ್ಟಿದೆ. ಮೈಬಣ್ಣ ನೋಡಿ ತರಬೇತಿ ಕೇಂದ್ರದವರು ‘ಬೆಲ್ಲ’ ಎಂದು ಹೆಸರಿಟ್ಟರು. ನಾಯಿ ಬಾಲ ಡೊಂಕು ಎಂದು ಗಾದೆ ಕಟ್ಟಿದವರು ಆ ಕೇಂದ್ರವನ್ನು ನೋಡಿರಲಿಕ್ಕಿಲ್ಲ. ಬಾಲದ ಮಾತು ಬಿಡಿ, ನನ್ನ ನಡಿಗೆಯನ್ನಂತೂ ನೆಟ್ಟಗೆ ಮಾಡಿದರು. ಅಲ್ಲಿಯ ಮುಖ್ಯ ಪಾಠ ಒಂದೇ: ಮೆಟ್ಟಿಲು, ಗಟಾರ, ಹೊಸ್ತಿಲು ಯಾವುದೇ ಎದುರಾಗಲಿ, ನಿಲ್ಲಬೇಕು. ‘ನಡಿ’ ಎಂದ ಮೇಲೆಯೇ ದಾಟಬೇಕು.

ನನ್ನ ಯಜಮಾನರು ಧಾರವಾಡದ ವಕೀಲ ಶ್ರೀಪಾದ ಗಲಗಲಿಯವರು. ನನ್ನ ಬೆನ್ನಿಗೆ ಕಟ್ಟಿದ ಹಿಡಿಕೆ ಹಿಡಿದು ಎಂಟು ವರ್ಷ ಕೋರ್ಟಿಗೆ ನಡೆದರು. ಅವರು ಪಾಟೀಸವಾಲು ಹಾಕುವಾಗ ನಾನು ಮೇಜಿನ ಕೆಳಗೆ ಮಲಗಿರುತ್ತಿದ್ದೆ. ಗೊರಕೆ ಹೊಡೆದು ಒಮ್ಮೆ ನ್ಯಾಯಾಧೀಶರ ಕೆಂಗಣ್ಣಿಗೂ ಗುರಿಯಾಗಿದ್ದೇನೆ. ಗುಮಾಸ್ತ ಈರಣ್ಣ ತನ್ನ ಬುತ್ತಿಯ ರೊಟ್ಟಿಯಲ್ಲಿ ಒಂದು ಚೂರನ್ನು ಯಜಮಾನರಿಗೆ ಗೊತ್ತಾಗದಂತೆ ನನಗೆ ಹಾಕುತ್ತಿದ್ದ. ಅವರಿಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು.

ಹತ್ತು ತುಂಬಿದ ಮೇಲೆ ನನ್ನ ಹಿಂಗಾಲು ಹಿಡಿದುಕೊಂಡವು. ಯಜಮಾನರ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಕೇಂದ್ರದಿಂದ ಚುಕ್ಕಿ ಎಂಬ ಎಳೆಯ ನಾಯಿ ಬಂತು. ಹಿಡಿಕೆ ಅದರ ಬೆನ್ನಿಗೆ ಹೋಯಿತು. ಹೊಟ್ಟೆಕಿಚ್ಚಾಯಿತೇ ಎಂದು ಕೇಳಿದರೆ, ಆಯಿತು. ನಾನು ನಾಯಿ, ಸಂತನಲ್ಲ. ಈರಣ್ಣ ನನ್ನನ್ನು ಸಾಕುತ್ತೇನೆಂದ. ಆದರೆ ಅವನ ತಾಯಿ ನೀಲವ್ವ ಒಪ್ಪಬೇಕಲ್ಲ? ಒಂದು ತಿಂಗಳ ವಾಯಿದೆ ಸಿಕ್ಕಿತು. ಆಕೆ ಒಲ್ಲೆ ಎಂದರೆ ನಾನು ಮತ್ತೆ ಕೇಂದ್ರದ ಗೂಡಿಗೆ.

ನಾಯಿ ಅಂಗಳದಲ್ಲಿರಲಿ, ಹೊಸ್ತಿಲು ದಾಟಕೂಡದು ಎಂದು ನೀಲವ್ವನ ಕಟ್ಟಪ್ಪಣೆಯಾಯಿತು. ಮೊದಲ ಬೆಳಿಗ್ಗೆ ಆಕೆ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಎದ್ದಳು. ನಾನು ಹೋಗಿ, ಕಲಿತ ಪಾಠದಂತೆ, ಹೊಸ್ತಿಲ ಮುಂದೆ ನಿಂತೆ. ಆಕೆ ಕೈಬೀಸಿ, “ನಡಿ, ನಡಿ” ಎಂದು ಗದರಿದಳು. ಆಚೆ ಹೋಗು ಎನ್ನುವುದಕ್ಕೂ ಇದೇ ಮಾತೆಂದು ನನಗೇನು ಗೊತ್ತು? ಅಪ್ಪಣೆಯಾಯಿತೆಂದು ದಾಟಿ ಪಡಸಾಲೆಗೆ ಹೋದೆ. ಅಡುಗೆಮನೆಯ ಹೊಸ್ತಿಲಲ್ಲಿ ಮತ್ತೆ ನಿಂತೆ. ಹಿಂದೆಯೇ ಓಡಿಬಂದ ಆಕೆ ಇನ್ನೂ ಜೋರಾಗಿ ‘ನಡಿ’ ಎಂದಳು. ಅಡುಗೆಮನೆಯನ್ನೂ ಹೊಕ್ಕೆ.

ಈರಣ್ಣ ಬಿದ್ದು ಬಿದ್ದು ನಕ್ಕು, ನನ್ನ ಪಾಲಿಗೆ ಆ ಮಾತಿನ ಅರ್ಥವೇನೆಂದು ಬಿಡಿಸಿ ಹೇಳಿದ. ನೀಲವ್ವ ನಗಲಿಲ್ಲ, ಬಗ್ಗಿ ಹೊಸ್ತಿಲು ನೋಡಿದಳು. ಕುಂಕುಮ ಕದಡಿರಲಿಲ್ಲ.

“ನೀ ದಿನಾ ತುಳೀತಿ. ಇದಕ್ಕಿರೋ ಬುದ್ಧಿ ನಿನಗಿಲ್ಲ” ಎಂದು ಮಗನ ಮೇಲೆಯೇ ತಿರುಗಿದಳು.

ಅಂದಿನಿಂದ ಆಕೆ ‘ನಡಿ’ ಎನ್ನುವುದನ್ನೇ ಬಿಟ್ಟಳು. ಮಧ್ಯಾಹ್ನ ಆಕೆ ಹೊಸ್ತಿಲ ಒಳಗೆ ಜೋಳ ಹಸನು ಮಾಡುತ್ತಾ ಕೂತರೆ, ನಾನು ಹೊರಗೆ. ಸೊಸೆ ಇಲ್ಲದ ಮನೆ. ಬೈಗುಳವೆಲ್ಲ ನನ್ನ ಪಾಲಿಗೆ ಬಂತು. ಒಂದು ದಿನ ತನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡ ಕೈಯಲ್ಲೇ ನನ್ನ ಹಿಂಗಾಲನ್ನೂ ತಿಕ್ಕಿದಳು. ಮಗನಿಗೆ ಮಾತ್ರ ಹೇಳಲಿಲ್ಲ.

ವಾಯಿದೆ ಮುಗಿದ ದಿನ ಯಜಮಾನರು ಬಂದರು. ಹೊಸ್ತಿಲಲ್ಲಿ ಚುಕ್ಕಿಗೆ ‘ನಡಿ’ ಎಂದಾಗ ನಾನೂ ಒಳಗೆ ನಡೆದೆ. ಅವರು ಚಹಾ ಕುಡಿದು, ನನ್ನ ಕಿವಿ ಸವರುತ್ತಾ, ಏನು ನಿರ್ಧಾರ ಮಾಡಿದಿರಿ ಎಂದು ಕೇಳಿದರು. ನೀಲವ್ವ ಖಾಲಿ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಹಾಗಾದರೆ ನಾಳೆ ಕೇಂದ್ರಕ್ಕೆ ಫೋನ್ ಮಾಡುತ್ತೇನೆ ಎಂದು ಅವರು ಮೆಲ್ಲಗೆ ಎದ್ದು ಹಿಡಿಕೆ ಹಿಡಿದರು.

“ನಡಿ” ಎಂದರು.

ಚುಕ್ಕಿ ಹೊರಟಿತು. ನಾನೂ ಎದ್ದೆ. ಎಂಟು ವರ್ಷದ ಅಭ್ಯಾಸಕ್ಕೆ ಕಾಲುನೋವು ಯಾವ ಲೆಕ್ಕ? ಹೊಸ್ತಿಲ ತನಕ ಹೋಗಿ ನಿಂತೆ. ಹಿಂದಿನಿಂದ ನೀಲವ್ವನ ದನಿ ಕೇಳಿತು.

“ಅವರು ನಡಿ ಅಂದದ್ದು ಆ ನಾಯಿಗೆ. ನೀ ಎಲ್ಲಿಗೆ ಹೊಂಟಿ? ಇಲ್ಲೇ ಕೂಡು.”

ಅಂಗಳದಲ್ಲಿ ಯಜಮಾನರು ತಿರುಗಿ ನಿಂತು, ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಈಗ ನನಗೆ ಹದಿಮೂರು. ಪಡಸಾಲೆಯ ಮೂಲೆಯಲ್ಲಿ, ನೀಲವ್ವನ ಹಳೆಯ ಕೌದಿಯ ಮೇಲೆ ನನ್ನ ಜಾಗ. ಬೀದಿಯಲ್ಲಿ ಯಾರೋ ಯಾರಿಗೋ ‘ನಡಿ’ ಎಂದರೆ ಕಿವಿ ಇನ್ನೂ ನೆಟ್ಟಗಾಗುತ್ತದೆ. ಆಗ ಆಕೆಯ ಮುಖ ನೋಡುತ್ತೇನೆ. ಆಕೆ ಜೋಳದಿಂದ ಕಣ್ಣೆತ್ತುವುದಿಲ್ಲ. ಆಯುಷ್ಯವಿಡೀ ಒಂದು ಮಾತಿಗೆ ಎದ್ದವನು ನಾನು. ಈಗ ಒಂದು ಮಾತಿಗೆ ಕೂತಿದ್ದೇನೆ.